ಮರಿ ಹಂಚುವ ಮೊದಲು ನಮ್ಮ ಊರಕೋಳಿಯನ್ನು ಎಣಿಸಿ: ಕಾಸರಗೋಡು ಜಿಲ್ಲಾ ಪಂಚಾಯತಿಗೆ ಒಂದು ಬಹಿರಂಗ ಪತ್ರ

ಕಾಸರಗೋಡು ಜಿಲ್ಲಾ ಪಂಚಾಯತು ಅಧ್ಯಕ್ಷರಿಗೆ, ಜಿಲ್ಲಾ ಮೃಗಸಂರಕ್ಷಣಾ ಅಧಿಕಾರಿಗಳಿಗೆ, ಹಾಗೂ ಮಂಜೇಶ್ವರ, ಕಾಸರಗೋಡು, ಕಾರಡ್ಕ ಬ್ಲಾಕು ಪಂಚಾಯತುಗಳ ಸದಸ್ಯರಿಗೆ

ಮಾನ್ಯರೇ,

ವಾರ್ಷಿಕ ಯೋಜನೆಯ ಪಟ್ಟಿ ಗ್ರಾಮಸಭೆಯ ಮುಂದೆ ಬಂದಾಗಲೆಲ್ಲ ಅದರಲ್ಲಿ ಹಿತ್ತಲ ಕೋಳಿ ಸಾಕಣೆಗೆಂದು ಒಂದು ಮೊತ್ತ ಇದ್ದೇ ಇರುತ್ತದೆ. ಅರ್ಜಿ ಹಾಕಿದ ಮಹಿಳೆಯರಿಗೆ ಆರರಿಂದ ಎಂಟು ವಾರ ಪ್ರಾಯದ ಒಂದಷ್ಟು ಮರಿಗಳನ್ನು ಪಂಚಾಯತು ಅಂಗಳದಲ್ಲೋ ಮೃಗಾಸ್ಪತ್ರೆಯ ಜಗಲಿಯಲ್ಲೋ ಹಂಚಲಾಗುತ್ತದೆ, ಪಟ್ಟಿಯಲ್ಲಿ ಸಹಿ ಬೀಳುತ್ತದೆ, ಮೊತ್ತ ಖರ್ಚಾಗುತ್ತದೆ. ಈ ಯೋಜನೆಯಿಂದ ಎಷ್ಟೋ ಬಡ ಮನೆಗಳ ಮಕ್ಕಳ ಬಟ್ಟಲಿಗೆ ಮೊಟ್ಟೆ ಬಿದ್ದಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಹಣ ಈ ಜಿಲ್ಲೆಯ ಉತ್ತರ ಭಾಗದ ಮನೆಗಳಲ್ಲಿ ತಲೆಮಾರುಗಳಿಂದ ಉಳಿದುಬಂದಿರುವ ಊರಕೋಳಿಯ ತಳಿಯನ್ನು ನಮ್ಮ ಕಣ್ಣೆದುರೇ ಅಳಿಸುತ್ತಿದೆ ಎಂಬುದನ್ನು ತಮ್ಮ ಗಮನಕ್ಕೆ ತರುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಹೊರಗಿನ ಮರಿ ತಂದು ಹಂಚುವ ಮೊದಲು ಇಲ್ಲಿರುವ ಕೋಳಿಯನ್ನು ಎಣಿಸಿ, ಅದರ ಹುಂಜಗಳನ್ನು ಉಳಿಸುವ ಏರ್ಪಾಡು ಮಾಡಿ, ಅದನ್ನು ಸಾಕುವವರ ಕೈಗೆ ಲಸಿಕೆ ಮುಟ್ಟಿಸಿ ಎಂಬುದು ನನ್ನ ವಿನಂತಿ.

ಊರಕೋಳಿ ಎಂದರೆ ಯಾವುದು ಎಂದು ಅಧಿಕಾರಿಗಳು ಕೇಳುವುದುಂಟು. ಆ ಪ್ರಶ್ನೆ ನ್ಯಾಯವಾದದ್ದೇ, ಏಕೆಂದರೆ ಇಂದು ಪೇಟೆಯಲ್ಲಿ ಬಣ್ಣದ ಗರಿಯಿರುವ ಯಾವ ಕೋಳಿಯನ್ನಾದರೂ ‘ಊರಿನದ್ದು’ ಎಂದು ಮಾರುತ್ತಾರೆ. ಎಣ್ಮಕಜೆ, ಪೈವಳಿಕೆ, ಪುತ್ತಿಗೆ, ಬೆಳ್ಳೂರು, ಕುಂಬ್ಡಾಜೆ, ದೇಲಂಪಾಡಿಯ ಅಡಿಕೆ ತೋಟಗಳಲ್ಲಿ ಇಂದಿಗೂ ಕಾಣಸಿಗುವ ಹಳೆಯ ಕೋಳಿ ಹಗುರ ಮೈಯದ್ದು, ಕಾಲು ಸಪೂರ, ಕಣ್ಣು ಚುರುಕು. ಸಂಜೆಯಾದರೆ ಹಲಸಿನ ಮರದ ಕೊಂಬೆಗೆ ಹಾರಿ ಕೂರುವಷ್ಟು ರೆಕ್ಕೆಯ ಬಲ ಅದಕ್ಕಿದೆ. ತೆಂಗಿನ ಬುಡದ ಕಸ, ಹಟ್ಟಿಯ ಗೊಬ್ಬರದ ಗುಂಡಿ, ಅಡಿಕೆ ಒಣಗಿಸುವ ಅಂಗಳದ ಬದಿಗಳನ್ನು ಕೆದಕಿ ಹುಳುಹುಪ್ಪಟೆ ತಿಂದು ಅರ್ಧ ಹೊಟ್ಟೆಯನ್ನು ತಾನೇ ತುಂಬಿಸಿಕೊಳ್ಳುತ್ತದೆ. ಮನೆಯವರು ಹಾಕುವುದು ಒಂದು ಹಿಡಿ ಅಕ್ಕಿಯ ನುಚ್ಚು ಅಥವಾ ಉಳಿದ ಅನ್ನ. ಮೊಟ್ಟೆ ಕಡಿಮೆ ಎಂಬುದು ನಿಜ: ಒಂದು ಸರದಿಗೆ ಹತ್ತು ಹನ್ನೆರಡು ಇಟ್ಟು, ಕಾವಿಗೆ ಕೂತು, ಇಪ್ಪತ್ತೊಂದು ದಿನಕ್ಕೆ ಮರಿ ಮಾಡಿ, ಆ ಮರಿಗಳನ್ನು ಎರಡು ತಿಂಗಳ ಕಾಲ ಮೇಯಿಸಿ, ಮತ್ತೆ ಮೊಟ್ಟೆಗೆ ಬರುವಷ್ಟರಲ್ಲಿ ಮೂರು ನಾಲ್ಕು ತಿಂಗಳು ಕಳೆದಿರುತ್ತದೆ. ಇಲಾಖೆಯ ಲೆಕ್ಕದಲ್ಲಿ ಈ ಕಾವಿನ ಗುಣ ಒಂದು ನಷ್ಟ. ಕರೆಂಟು ಹೋದರೂ ಕೆಡದ, ಕೊಳ್ಳಲು ಹಣ ಬೇಡದ, ಮುಂಗುಸಿ ಬಂದರೆ ಕೂಗಿ ಎಬ್ಬಿಸುವ ಮರಿ ಯಂತ್ರವನ್ನು ಬೇರೆ ಯಾರೂ ಈವರೆಗೆ ತಯಾರಿಸಿಲ್ಲ ಎಂಬುದು ಸಾಕುವವರ ಲೆಕ್ಕ.

ಇಲಾಖೆ ಹಂಚುವ ತಳಿಗಳ ಬಗ್ಗೆ ನನಗೆ ಹಗೆಯಿಲ್ಲ. ಹೈದರಾಬಾದಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯದಲ್ಲಿ ರೂಪುಗೊಂಡ ಗ್ರಾಮಪ್ರಿಯ ಮತ್ತು ವನರಾಜ, ಬೆಂಗಳೂರು ಹೆಬ್ಬಾಳದ ಗಿರಿರಾಜ, ತೃಶ್ಶೂರು ಬಳಿಯ ಮಣ್ಣುತ್ತಿಯ ಗ್ರಾಮಶ್ರೀ, ಇವೆಲ್ಲ ಹಳ್ಳಿಯ ಹಿತ್ತಲನ್ನು ಮನಸ್ಸಿನಲ್ಲಿಟ್ಟುಕೊಂಡೇ ವಿಜ್ಞಾನಿಗಳು ದುಡಿದು ಸಿದ್ಧಪಡಿಸಿದ ತಳಿಗಳು. ಒಳ್ಳೆಯ ಮೇವು ಕೊಟ್ಟರೆ ಗ್ರಾಮಪ್ರಿಯ ವರ್ಷಕ್ಕೆ ಇನ್ನೂರರ ಹತ್ತಿರ ಮೊಟ್ಟೆ ಇಡುತ್ತದೆ. ಊರಕೋಳಿ ಅದರ ಅರ್ಧವನ್ನೂ ಮುಟ್ಟುವುದಿಲ್ಲ. ಮೊಟ್ಟೆ ಮಾರಿ ಸಂಸಾರ ನಡೆಸಬೇಕೆಂದಿರುವ ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಯೋಜನೆಯ ಘಟಕ ಅಂಥ ತಳಿಯನ್ನು ಸಾಕುವುದು ಸರಿಯೇ ಆಗಿದೆ. ಆದರೆ ಈ ಕೋಳಿಗಳು ಕಾವಿಗೆ ಕೂರುವುದು ಅಪರೂಪ. ಹಾಗಾಗಿ ಮೊದಲ ತಂಡ ಮುಗಿದ ಮೇಲೆ ಮರಿಗಾಗಿ ಮತ್ತೆ ಸರಕಾರದ ಅಥವಾ ಹ್ಯಾಚರಿಯ ಬಾಗಿಲಿಗೇ ಹೋಗಬೇಕಾಗುತ್ತದೆ. ವನರಾಜದಂಥ ತೂಕದ ಹಕ್ಕಿ ಗಿಡುಗನ ನೆರಳು ಬಿದ್ದಾಗ ಪೊದೆಗೆ ನುಗ್ಗುವಷ್ಟು ಚುರುಕಾಗಿಲ್ಲ. ಹಂಚಿದ ಮರಿಗಳಲ್ಲಿ ವರ್ಷದ ಕೊನೆಗೆ ಎಷ್ಟು ಉಳಿದಿವೆ ಎಂದು ಫಲಾನುಭವಿಗಳ ಪಟ್ಟಿ ಹಿಡಿದುಕೊಂಡು ಮನೆಮನೆಗೆ ಹೋಗಿ ಕೇಳುವ ಕ್ರಮ ಯೋಜನೆಯಲ್ಲೇ ಇಲ್ಲದಿರುವುದು ನನಗೆ ಎಂದಿಗೂ ಅರ್ಥವಾಗಿಲ್ಲ.

ತಳಿ ಅಳಿಯುವುದು ಈ ಮರಿಗಳು ಸತ್ತಾಗ ಅಲ್ಲ, ಬದುಕಿದಾಗ. ಹಂಚಿದ ಹಿಂಡಿನಲ್ಲಿ ಒಂದೋ ಎರಡೋ ಗಂಡು ಸೇರಿಕೊಂಡಿರುತ್ತವೆ. ಅವು ಊರ ಹುಂಜಕ್ಕಿಂತ ಬೇಗ ಬೆಳೆಯುತ್ತವೆ, ತೂಕದಲ್ಲಿ ದೊಡ್ಡವು, ನೋಡಲು ಚೆಂದ. ಆಗ ಮನೆಯವರು ತಮ್ಮ ಸಣ್ಣ ಹುಂಜವನ್ನು ಮೊದಲು ಹಬ್ಬಕ್ಕೋ ಅತಿಥಿಗಳಿಗೋ ಕೊಯ್ದು, ದೊಡ್ಡದನ್ನು ಉಳಿಸಿಕೊಳ್ಳುತ್ತಾರೆ. ಬೇಲಿಯಿಲ್ಲದ ನಮ್ಮ ತೋಟಗಳಲ್ಲಿ ಅದು ನೆರೆಮನೆಯ ಹೇಂಟೆಗಳ ಜತೆಗೂ ಸೇರುತ್ತದೆ. ಮೊದಲ ಪೀಳಿಗೆಯ ಮಿಶ್ರ ಮರಿಗಳು ತಂದೆಯ ತೂಕ, ತಾಯಿಯ ಚುರುಕು ಎರಡನ್ನೂ ಸ್ವಲ್ಪ ಸ್ವಲ್ಪ ಪಡೆದು ಎಲ್ಲರಿಗೂ ಮೆಚ್ಚುಗೆಯಾಗುತ್ತವೆ. ಆದರೆ ಮೂರನೆಯ ನಾಲ್ಕನೆಯ ಪೀಳಿಗೆಗೆ ಬರುವಾಗ ಹೇಂಟೆಗಳು ಅರ್ಧ ಕಾವಿಗೇ ಎದ್ದು ಹೋಗುತ್ತವೆ, ಮೊಟ್ಟೆ ಅತ್ತ ಫಾರ್ಮಿನಷ್ಟೂ ಇಲ್ಲ, ಇತ್ತ ಮರಿಯೂ ಇಲ್ಲ. ಆ ಹೊತ್ತಿಗೆ ಹಿಂದಿರುಗಿ ಹೋಗೋಣವೆಂದರೆ ಹಳೆಯ ಹುಂಜ ಇಡೀ ವಾರ್ಡಿನಲ್ಲಿ ಸಿಗುವುದಿಲ್ಲ.

2019ರ ಇಪ್ಪತ್ತನೆಯ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 85 ಕೋಟಿ ಕೋಳಿ-ಬಾತುಗಳಿದ್ದು, ಅವುಗಳಲ್ಲಿ 31.7 ಕೋಟಿಯಷ್ಟು ಹಿತ್ತಲಿನವು. ಹಿಂದಿನ ಗಣತಿಗೆ ಹೋಲಿಸಿದರೆ ಹಿತ್ತಲ ಕೋಳಿಗಳ ಸಂಖ್ಯೆ ಶೇಕಡಾ 45ಕ್ಕೂ ಹೆಚ್ಚಾಗಿದೆ. ಸಭೆಗಳಲ್ಲಿ ಈ ಅಂಕಿಯನ್ನು ಹೆಮ್ಮೆಯಿಂದ ಹೇಳುವುದನ್ನು ಕೇಳಿದ್ದೇನೆ. ಹಿತ್ತಲಿನಲ್ಲಿ ಓಡಾಡುವ ಕೋಳಿಗಳ ಸಂಖ್ಯೆ ಏರುತ್ತಿರುವಾಗಲೇ ಹಿತ್ತಲಿನ ತಳಿ ಕ್ಷೀಣಿಸುವುದು ಸಾಧ್ಯ ಎಂಬುದನ್ನು ಮಾತ್ರ ಆ ಅಂಕಿ ಹೇಳುವುದಿಲ್ಲ.

ನಮ್ಮ ನೆರೆಯ ಕಣ್ಣೂರು ಜಿಲ್ಲೆಯ ತಲಶ್ಶೇರಿಯ ಹೆಸರಿನಲ್ಲಿ ಒಂದು ಕೋಳಿ ತಳಿ ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋದಲ್ಲಿ ನೋಂದಾವಣೆಯಾಗಿದೆ. ಕಪ್ಪು ಗರಿ, ಕುತ್ತಿಗೆ ಬೆನ್ನು ಬಾಲಗಳಲ್ಲಿ ನೀಲಿಯ ಹೊಳಪು, ಒಂಟಿ ಜುಟ್ಟು, ಒಂದೂವರೆ ಕಿಲೋ ಆಸುಪಾಸಿನ ಹುಂಜ, ಇವು ಅದರ ಲಕ್ಷಣಗಳು. ಆಂಧ್ರದ ಕಾಳಹಸ್ತಿ, ಆಂಧ್ರ ಮತ್ತು ಕರ್ನಾಟಕಗಳ ಗಾಗಸ್, ಮಧ್ಯಪ್ರದೇಶದ ಕಡಕನಾಥ್, ಇವೂ ಅದೇ ಪಟ್ಟಿಯಲ್ಲಿವೆ. ಝಾಬುವಾದ ಕಡಕನಾಥಕ್ಕೆ 2018ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆಯಿತು. ಅದಾದ ಮೇಲೆ ಆ ಕಪ್ಪು ಕೋಳಿಯ ಮರಿಗಳು ನಮ್ಮ ಗಡಿನಾಡಿನ ತೋಟಗಳಿಗೂ ಬಂದವು. ದೂರದ ಆದಿವಾಸಿಗಳ ಕೋಳಿಗೆ ದುಬಾರಿ ಬೆಲೆ ಕೊಟ್ಟು ತರಿಸುವ ನಾವು ನಮ್ಮ ಹಟ್ಟಿಯ ಹಿಂದಿರುವ ಕೋಳಿಗೆ ಒಂದು ಹೆಸರನ್ನೂ ಕೊಡಿಸಲಿಲ್ಲ. ಚಂದ್ರಗಿರಿ ಹೊಳೆಯ ಉತ್ತರಕ್ಕೆ ಗಡಿಯವರೆಗೆ, ಗಡಿ ದಾಟಿದರೆ ವಿಟ್ಲ, ಪುತ್ತೂರಿನವರೆಗೆ ಹಬ್ಬಿರುವ ಈ ಕೋಳಿ ತಲಶ್ಶೇರಿ ತಳಿಯ ಬಡಗಣ ಕವಲೋ ತುಳುನಾಡಿನದೇ ಬೇರೆ ತಳಿಯೋ ಎಂಬುದನ್ನು ಬಾಯಿಮಾತಿನಲ್ಲಿ ಇತ್ಯರ್ಥ ಮಾಡಬೇಕಾಗಿಲ್ಲ. ಎಲ್ಲೆಲ್ಲಿ ಎಷ್ಟಿವೆ, ಯಾವ ಬಣ್ಣದವು, ತೂಕವೆಷ್ಟು, ಮೊಟ್ಟೆಯೆಷ್ಟು, ತಾಯಿಯ ಗುಣ ಮರಿಗೆ ಬರುತ್ತದೆಯೇ ಎಂದು ಅಳೆದು ಬರೆದರೆ ಉತ್ತರ ತಾನಾಗಿ ಸಿಗುತ್ತದೆ. ಕಾಸರಗೋಡಿನಲ್ಲೇ ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ, ಅದರ ಅಧೀನದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ವಯನಾಡಿನ ಪೂಕೋಡಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾನಿಲಯವಿದೆ. ಈ ಕೆಲಸಕ್ಕೆ ಬೇಕಾದವರು ದೂರದಲ್ಲಿಲ್ಲ. ಅವರನ್ನು ಕರೆದು ಒಂದು ಮೇಜಿನ ಸುತ್ತ ಕೂರಿಸುವ ಅಧಿಕಾರ ತಮಗಿದೆ.

ಅಳೆಯಲು ಬರುವವರು ಯಾರನ್ನು ಕೇಳಬೇಕು ಎಂಬ ವಿಷಯದಲ್ಲಿ ಒಂದು ಮುಜುಗರದ ಮಾತನ್ನು ಬರೆಯಲೇಬೇಕಾಗಿದೆ. ತುಳುನಾಡಿನಲ್ಲಿ ಹುಂಜಗಳ ಬಣ್ಣಕ್ಕೆ ಇರುವಷ್ಟು ಹೆಸರುಗಳು ಪಶುವೈದ್ಯರ ಯಾವ ನಮೂನೆಯಲ್ಲೂ ಇಲ್ಲ. ಬಿಳಿಯದು ಬೊಳ್ಳೆ, ಕಾಗೆಯಂತೆ ಕಪ್ಪಾದದ್ದು ಕಕ್ಕೆ, ಕೆಂಪು ಬೆರೆತದ್ದು ಕೆಮ್ಮೈರೆ, ಹೀಗೆ ಪಟ್ಟಿ ಉದ್ದವಾಗುತ್ತದೆ. ಈ ಹೆಸರುಗಳನ್ನೂ ಅವುಗಳ ಹಿಂದಿನ ವಂಶದ ನೆನಪನ್ನೂ ಉಳಿಸಿಕೊಂಡು ಬಂದವರು ಹೆಚ್ಚಾಗಿ ಕೋಳಿ ಅಂಕದವರು. ಯಾವ ಮನೆಯ ಯಾವ ಹೇಂಟೆಯ ಸಂತಾನದಲ್ಲಿ ಗಟ್ಟಿ ಹುಂಜ ಹುಟ್ಟುತ್ತದೆ ಎಂದು ಅವರು ಮೂರು ತಲೆಮಾರು ಹಿಂದಕ್ಕೆ ಹೋಗಿ ಹೇಳಬಲ್ಲರು. ಪ್ರಾಣಿಗಳನ್ನು ಕಾದಾಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧ. ಕಾಲಿಗೆ ಬಾಳು ಎಂಬ ಸಣ್ಣ ಕತ್ತಿ ಕಟ್ಟಿ ಹಣದ ಪಂಥ ಹೂಡುವ ಆ ಆಟಕ್ಕೆ ನನ್ನ ಬೆಂಬಲವಿಲ್ಲ, ಅದಕ್ಕೆ ರಿಯಾಯಿತಿ ಕೊಡಿ ಎಂದು ಈ ಪತ್ರ ಕೇಳುತ್ತಲೂ ಇಲ್ಲ. ಆದರೆ ಪೊಲೀಸರಿಗೆ ಹೆದರಿ ಬಾಯಿ ಮುಚ್ಚಿಕೊಂಡಿರುವ ಈ ಮುದುಕರು ತೀರಿಕೊಂಡರೆ ತಳಿಯ ಅರ್ಧ ಚರಿತ್ರೆ ಅವರ ಜತೆಗೇ ಹೋಗುತ್ತದೆ. ಸಮೀಕ್ಷೆಗೆ ಹೋಗುವವರು ಕೇಸು ಹಾಕುವವರಲ್ಲ ಎಂಬ ಭರವಸೆ ಕೊಟ್ಟು ಅವರಿಂದ ವಂಶದ ಮಾಹಿತಿಯನ್ನು ಬರೆಸಿಕೊಳ್ಳಬಹುದು. ಅವರಷ್ಟೇ ಮುಖ್ಯವಾದವರು ದೈವಗಳಿಗೆ ಹರಕೆಯ ಕೋಳಿ ಒಪ್ಪಿಸುವ ಮನೆಯವರು. ಫಾರ್ಮಿನ ಬಿಳಿ ಕೋಳಿಯನ್ನು ಹರಕೆಗೆ ತರಲು ಹಿಂಜರಿಯುವ ಮನೆಗಳು ಇನ್ನೂ ಇರುವುದರಿಂದಲೇ ಎಷ್ಟೋ ಕಡೆ ಊರ ಹುಂಜ ಉಳಿದಿದೆ. ಹಿತ್ತಲಲ್ಲಿ ಕೋಳಿ ಸಾಕುವ ಬ್ಯಾರಿ ಮತ್ತು ಮಾಪಿಳ್ಳೆ ಹೆಂಗಸರು, ಮರಾಟಿ, ಮೊಗೇರ, ಕೊರಗ ಕುಟುಂಬಗಳು ಈ ಪಟ್ಟಿಯಿಂದ ತಪ್ಪಿಹೋಗಬಾರದು. ಸಭೆಗಳಿಗೆ ಬಂದು ಮಾತಾಡುವವರಲ್ಲಿ ಅವರು ಕಡಿಮೆ, ಕೋಳಿ ಸಾಕುವವರಲ್ಲಿ ಹೆಚ್ಚು.

ಇನ್ನು ಹುಂಜಗಳ ಲೆಕ್ಕ. ಈ ಪತ್ರದಲ್ಲಿ ತಾವು ಒಂದೇ ಒಂದು ಭಾಗವನ್ನು ನಿಧಾನವಾಗಿ ಓದುವುದಾದರೆ ಇದನ್ನು ಓದಬೇಕೆಂದು ಕೋರುತ್ತೇನೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದು ಹುಂಜ, ಎಂಟು ಹತ್ತು ಹೇಂಟೆ. ಹೊರಗಿನ ರಕ್ತ ಬೇಡವೆಂದು ಹಟ ಹಿಡಿದು ಒಬ್ಬರೇ ತಮ್ಮ ಹಿಂಡಿನೊಳಗೇ ಮರಿ ಮಾಡಿಸುತ್ತಾ ಹೋದರೆ ಹುಟ್ಟುವ ಮರಿಗಳೆಲ್ಲ ಒಂದೇ ತಂದೆಯವು. ಮುಂದಿನ ವರ್ಷ ಅಣ್ಣನಿಗೆ ತಂಗಿಯರೇ ಜೋಡಿ. ತಳಿಶಾಸ್ತ್ರದಲ್ಲಿ ಒಳಸಂಬಂಧ ಒಂದು ಪೀಳಿಗೆಗೆ ಎಷ್ಟು ಏರುತ್ತದೆ ಎಂದು ಕಂಡುಹಿಡಿಯಲು ಸರಳ ಸೂತ್ರವಿದೆ: ಹುಂಜಗಳ ಸಂಖ್ಯೆಯ ಎಂಟರಷ್ಟರಿಂದ ಒಂದನ್ನು ಭಾಗಿಸಿ, ಹೇಂಟೆಗಳ ಸಂಖ್ಯೆಯ ಎಂಟರಷ್ಟರಿಂದಲೂ ಒಂದನ್ನು ಭಾಗಿಸಿ, ಎರಡನ್ನೂ ಕೂಡಿಸುವುದು. ಒಂದು ಹುಂಜ ಮತ್ತು ಹತ್ತು ಹೇಂಟೆಗಳ ಹಿಂಡಿಗೆ ಇದು ಶೇಕಡಾ 13.75 ಆಗುತ್ತದೆ. ಸ್ಥಳೀಯ ತಳಿಗಳನ್ನು ಉಳಿಸುವವರಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುವ ಮಿತಿ ಶೇಕಡಾ ಒಂದು. ಅಂದರೆ ಅತ್ಯಂತ ಶ್ರದ್ಧೆಯಿಂದ ಶುದ್ಧ ಊರಕೋಳಿ ಸಾಕುವ ಒಂಟಿ ಮನೆ ಆ ಮಿತಿಯನ್ನು ಹದಿಮೂರು ಪಟ್ಟಿಗೂ ಮೀರಿ ಮುರಿಯುತ್ತಿದೆ. ಮೊಟ್ಟೆಯಲ್ಲೇ ಸಾಯುವ ಮರಿ, ಕೊಕ್ಕು ಸೊಟ್ಟಗಿರುವ ಮರಿ, ಏಳಿಗೆಯಾಗದ ಮರಿ ಹೆಚ್ಚುವುದು ಆಗಲೇ. ಮನೆಯವರು ‘ಊರಕೋಳಿ ಈಗ ಮೊದಲಿನಂತಿಲ್ಲ’ ಎಂದು ಬೇಸತ್ತು ಹ್ಯಾಚರಿಗೆ ಹೋಗುವುದೂ ಆಗಲೇ.

ಹದಿನಾಲ್ಕು ಮನೆಗಳು ಒಂದಾದರೆ ಲೆಕ್ಕವೇ ಬದಲಾಗುತ್ತದೆ. ಹದಿನಾಲ್ಕು ಹುಂಜ, ನೂರನಲ್ವತ್ತು ಹೇಂಟೆಗಳಿಗೆ ಅದೇ ಸೂತ್ರ ಹಾಕಿದರೆ ಬರುವುದು ಶೇಕಡಾ 0.98. ಇದಕ್ಕಾಗಿ ಕೋಳಿಗಳನ್ನು ಒಂದೆಡೆ ಕೂಡಿಹಾಕಬೇಕಾಗಿಲ್ಲ, ಹೊಸ ಶೆಡ್ಡು ಬೇಕಾಗಿಲ್ಲ. ಪ್ರತಿ ವರ್ಷ ಒಂದನೆಯ ಮನೆಯ ಎಳೆಯ ಹುಂಜ ಎರಡನೆಯ ಮನೆಗೆ, ಎರಡನೆಯದರದು ಮೂರನೆಯದಕ್ಕೆ, ಕೊನೆಯ ಮನೆಯದು ಮೊದಲನೆಯದಕ್ಕೆ, ಹೀಗೆ ಒಂದೇ ದಿಕ್ಕಿನಲ್ಲಿ ಸುತ್ತು ಬರುವಂತೆ ಮಾಡಿದರೆ ಸಾಕು. ಹೇಂಟೆಗಳು ಹುಟ್ಟಿದ ಮನೆಯಲ್ಲೇ ಇರುತ್ತವೆ. ಹುಂಜ ಬದಲಾಯಿಸಿದ ಮೇಲೆ ಮೂರು ವಾರ ಕಾವಿಗೆ ಮೊಟ್ಟೆ ತೆಗೆಯಬಾರದು, ಏಕೆಂದರೆ ಹಳೆಯ ಹುಂಜದ ವೀರ್ಯ ಹೇಂಟೆಯ ಮೈಯಲ್ಲಿ ಎರಡು ಮೂರು ವಾರಗಳವರೆಗೂ ಉಳಿದಿರುತ್ತದೆ. ಯಾವ ಹುಂಜ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಬರೆದಿಡಲು ಒಂದು ನೋಟುಪುಸ್ತಕ, ಕಾಲಿಗೆ ಹಾಕಲು ಬಣ್ಣದ ಬಳೆ, ಹುಂಜ ಕೊಟ್ಟ ಮನೆಗೆ ಒಂದು ಸಣ್ಣ ಪ್ರೋತ್ಸಾಹಧನ. ಮರಿ ಹಂಚುವ ಯೋಜನೆಗೆ ಹೋಲಿಸಿದರೆ ಇದರ ಖರ್ಚು ಏನೂ ಅಲ್ಲ. ಕುಟುಂಬಶ್ರೀಯ ನೆರೆಕೂಟಗಳು ವಾರವಾರವೂ ಸೇರುತ್ತಲೇ ಇವೆ. ಉಳಿತಾಯದ ಲೆಕ್ಕ ಬರೆಯುವ ಹೆಂಗಸರಿಗೆ ಹುಂಜದ ಲೆಕ್ಕ ಬರೆಯುವುದು ಭಾರವಾಗದು. ಆರಿಸುವಾಗ ಮಾತ್ರ ಒಂದು ಎಚ್ಚರ ಬೇಕು. ಅತಿ ದೊಡ್ಡ ಹುಂಜವನ್ನೇ ಉಳಿಸಿಕೊಳ್ಳುವ ನಮ್ಮ ಆಸೆಯನ್ನು ಬದಿಗಿಟ್ಟು, ಚೆನ್ನಾಗಿ ಕಾವು ಕೂತು ಹೆಚ್ಚು ಮರಿ ಉಳಿಸಿದ ಹೇಂಟೆಯ ಗಂಡುಮರಿಯನ್ನು ಉಳಿಸಬೇಕು.

ಬೋಳು ಕುತ್ತಿಗೆಯ ಕೋಳಿಗಳ ಬಗ್ಗೆ ಇಲ್ಲೇ ಒಂದು ಮಾತು. ಅವನ್ನು ಕುರೂಪವೆಂದು ಮೊದಲು ಕೊಯ್ಯುವ ಅಭ್ಯಾಸ ನಮ್ಮಲ್ಲಿದೆ. ಗರಿ ಕಡಿಮೆ ಮಾಡುವ ಆ ಗುಣ ಒಂದೇ ಜೀನಿನದ್ದು, ಮೈಯ ಬಿಸಿ ಬೇಗ ಹೊರಹೋಗುವಂತೆ ಮಾಡಿ ಸೆಕೆಯ ನಾಡಿನಲ್ಲಿ ಕೋಳಿಗೆ ಅನುಕೂಲ ಒದಗಿಸುತ್ತದೆ ಎಂದು ತಳಿವಿಜ್ಞಾನಿಗಳು ಅದನ್ನು ಹುಡುಕಿಕೊಂಡು ಬರುತ್ತಾರೆ. ಹಳದಿ ಕಾಲಿನ ಕಥೆ ಇನ್ನೂ ಸೊಗಸಾಗಿದೆ: ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿಯಾದರೂ, ಹಳದಿ ಚರ್ಮದ ಗುಣ ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಅಂದರೆ ಜಗತ್ತಿನ ಎಷ್ಟೋ ಫಾರ್ಮುಗಳ ಹಳದಿ ಕಾಲಿನ ಕೋಳಿಗಳಲ್ಲಿ ದಕ್ಷಿಣದ ಈ ಕಾಡಿನ ಪಾಲಿದೆ.

ತಳಿಯ ಮಾತೆಲ್ಲ ಕೋಳಿ ಬದುಕಿದ್ದರೆ ಮಾತ್ರ. ಊರಕೋಳಿಗೆ ರೋಗ ಬರುವುದಿಲ್ಲ ಎಂಬ ನಂಬಿಕೆ ಸಾಕುವವರಲ್ಲೂ ಇದೆ, ಕೆಲವು ಅಧಿಕಾರಿಗಳಲ್ಲೂ ಇದೆ. ಕೊಕ್ಕರೆ ರೋಗದ ಮಟ್ಟಿಗೆ ಅದು ಶುದ್ಧ ತಪ್ಪು. ಹಸಿರು ಭೇದಿ, ತೂಕಡಿಕೆ, ಸೊಟ್ಟ ಕುತ್ತಿಗೆ ಕಾಣಿಸಿಕೊಂಡ ವಾರದೊಳಗೆ ಒಂದು ಬೈಲಿನ ಕೋಳಿಗಳೆಲ್ಲ ಗುಡಿಸಿಟ್ಟಂತೆ ಹೋಗುವುದನ್ನು ಈ ಭಾಗದ ಎಲ್ಲರೂ ಕಂಡಿದ್ದಾರೆ. ಇದಕ್ಕೆ ಒಳ್ಳೆಯ ಲಸಿಕೆಯಿದೆ: ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ತಿಂಗಳಿಗೆ ಮತ್ತೊಮ್ಮೆ, ಎಂಟು ವಾರದ ಸುಮಾರಿಗೆ ಚುಚ್ಚುಮದ್ದು. ಕಷ್ಟವಿರುವುದು ಶೀಶೆಯ ಗಾತ್ರದಲ್ಲಿ. ನೂರು, ಇನ್ನೂರು, ಸಾವಿರ ಕೋಳಿಗಳಿಗೆ ಸಾಲುವ ಶೀಶೆಯಲ್ಲಿ ಬರುವ ಜೀವಂತ ಲಸಿಕೆಯನ್ನು ಒಮ್ಮೆ ಕಲಸಿದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೂ ಮಂಜುಗಡ್ಡೆಯ ತಂಪಿನಲ್ಲಿಡಬೇಕು. ಹನ್ನೆರಡು ಕೋಳಿಗಳ ಒಡತಿ ಬಸ್ಸು ಹಿಡಿದು ಮೃಗಾಸ್ಪತ್ರೆಗೆ ಹೋಗಿ ಇದನ್ನು ತಂದು ಏನು ಮಾಡಬೇಕು? ತಿರುವನಂತಪುರ ಜಿಲ್ಲೆಯ ಪಾಲೋಡಿನಲ್ಲಿ ತಯಾರಾಗುವ ಲಸಿಕೆ ರಾಜ್ಯದ ಆ ತುದಿಯಿಂದ ಈ ತುದಿಯವರೆಗೆ ತಂಪು ಕೆಡದೆ ಬರುತ್ತದೆ ಎಂದಾದರೆ, ಆಸ್ಪತ್ರೆಯಿಂದ ಕೊನೆಯ ಮೂರು ಮೈಲಿಗೆ ಸೋಲುವುದು ಸರಿಯಲ್ಲ. ವಾರ್ಡಿಗೊಂದು ದಿನ ಗೊತ್ತುಮಾಡಿ, ಮೊದಲೇ ತಿಳಿಸಿ, ತರಬೇತಿ ಪಡೆದ ಇಬ್ಬರು ಹೆಂಗಸರು ತಂಪು ಪೆಟ್ಟಿಗೆ ಹಿಡಿದು ಬೆಳಗ್ಗೆ ಗೂಡು ತೆರೆಯುವ ಮೊದಲೇ ಮನೆಗಳಿಗೆ ಹೋದರೆ ಒಂದು ಶೀಶೆ ಒಂದು ಬೆಳಗಿನಲ್ಲಿ ಮುಗಿಯುತ್ತದೆ. ಕೋಳಿಗಳು ಗೂಡಿನಿಂದ ಹೊರಬಿದ್ದ ಮೇಲೆ ಬಂದರೆ ಹಿಡಿಯುವುದು ಯಾರಿಂದಲೂ ಆಗದು. ಕಚೇರಿಯ ಸಮಯ ಹತ್ತು ಗಂಟೆಗೆ ಆರಂಭವಾಗುತ್ತದೆ ಎಂಬುದು ಕೋಳಿಗೆ ತಿಳಿದಿಲ್ಲ. ಬಿಸಿಗೆ ಬೇಗ ಕೆಡದ ಐ-2 ಎಂಬ ಬಗೆಯ ಲಸಿಕೆಯನ್ನು ಆಫ್ರಿಕಾದ ಹಳ್ಳಿಗಳಲ್ಲಿ ಇದೇ ಕಾರಣಕ್ಕಾಗಿ ಬಳಕೆಗೆ ತಂದಿದ್ದಾರೆ. ಅಂಥದ್ದನ್ನು ಇಲ್ಲಿಗೂ ತರಿಸುವ ಸಾಧ್ಯತೆಯನ್ನು ರಾಜ್ಯ ಸರಕಾರದ ಮುಂದಿಡಲು ಜಿಲ್ಲಾ ಪಂಚಾಯತಿನ ಒಂದು ನಿರ್ಣಯ ಸಾಕು.

ಹಂಚುವ ಕಾಲದ ಬಗ್ಗೆಯೂ ಹೇಳಬೇಕು. ಯೋಜನೆಯ ಹಣ ಕೈಸೇರಿ, ಟೆಂಡರು ಮುಗಿದು, ಮರಿ ಬರುವುದು ಹೆಚ್ಚಾಗಿ ಫೆಬ್ರವರಿ ಮಾರ್ಚಿನಲ್ಲಿ, ಆರ್ಥಿಕ ವರ್ಷ ಮುಗಿಯುವ ಗಡಿಬಿಡಿಯಲ್ಲಿ. ಬೇಸಗೆಯ ಸೆಕೆಯಲ್ಲಿ ಹೇಗೋ ಬದುಕಿದ ಮರಿ ಇನ್ನೂ ಗಟ್ಟಿಯಾಗುವ ಮೊದಲೇ ಜೂನ್ ಬರುತ್ತದೆ. ನಮ್ಮ ಮಳೆಯಲ್ಲಿ ಗೂಡಿನ ನೆಲ ತಿಂಗಳುಗಟ್ಟಲೆ ಒಣಗುವುದಿಲ್ಲ, ರಕ್ತಭೇದಿ ಅಂಟಿಕೊಳ್ಳುವುದು ಆ ಒದ್ದೆಯಲ್ಲೇ. ಹಳೆಯ ಹೆಂಗಸರು ಮಳೆಗಾಲದ ಮೊಟ್ಟೆಗಳನ್ನು ಅಡಿಗೆಗೆ ಬಳಸಿ, ಮಳೆ ನಿಂತು ಬಿಸಿಲು ಬಿದ್ದ ಮೇಲೆ ಬುಟ್ಟಿಗೆ ಬೈಹುಲ್ಲು ಹಾಸಿ ಕಾವಿಗಿಡುತ್ತಿದ್ದುದರ ಹಿಂದೆ ಈ ತಿಳಿವಳಿಕೆ ಇತ್ತು. ಏನನ್ನಾದರೂ ಹಂಚಲೇಬೇಕಾದರೆ ಅಕ್ಟೋಬರದಿಂದ ಡಿಸೆಂಬರದೊಳಗೆ ಹಂಚಿ.

ಕಾಸರಗೋಡಿಗೆ ತಳಿ ಉಳಿಸುವ ಕೆಲಸ ಹೊಸದಲ್ಲ. ಬೆಳ್ಳೂರು ಪಂಚಾಯತಿನ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ತಮ್ಮ ಮನೆಯಲ್ಲಿ ಉಳಿಸಿದ್ದಕ್ಕಾಗಿ 2024ರಲ್ಲಿ ಪದ್ಮಶ್ರೀ ಪಡೆದರು. ಕಾಸರಗೋಡು ಗಿಡ್ಡ ಹಸುವಿಗಾಗಿ ಬದಿಯಡ್ಕದ ಬಳಿ ಇಲಾಖೆಯದೇ ಸಂರಕ್ಷಣಾ ಕೇಂದ್ರವಿದೆ. ಮಧ್ಯ ಕೇರಳದ ವೆಚೂರು ಹಸು ಇನ್ನೇನು ಮುಗಿಯಿತು ಎಂಬಲ್ಲಿಂದ ಮರಳಿ ಬಂದದ್ದು 1989ರಲ್ಲಿ ಮಣ್ಣುತ್ತಿಯ ಪ್ರಾಧ್ಯಾಪಕಿ ಶೋಶಮ್ಮ ಐಪ್ ಮತ್ತು ಅವರ ವಿದ್ಯಾರ್ಥಿಗಳು ಊರೂರು ಅಲೆದು ಉಳಿದ ಹಸುಗಳನ್ನು ಹುಡುಕಿದ್ದರಿಂದ. ಆದರೆ ಕೋಳಿಗೂ ಹಸುವಿನ ಮಾದರಿಯಲ್ಲಿ ಒಂದು ದೊಡ್ಡ ಫಾರ್ಮು ಕಟ್ಟೋಣ ಎಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಒಪ್ಪಬೇಡಿ. 2023ರ ಜನವರಿಯಲ್ಲಿ ಕೋಝಿಕ್ಕೋಡು ಜಿಲ್ಲೆಯ ಚಾತ್ತಮಂಗಲದ ಸರಕಾರಿ ಪ್ರಾದೇಶಿಕ ಕೋಳಿ ಫಾರ್ಮಿಗೇ ಹಕ್ಕಿಜ್ವರ ಹೊಕ್ಕಿತು. ಹಕ್ಕಿಜ್ವರ ದೃಢಪಟ್ಟ ಜಾಗದ ಸುತ್ತಲಿನ ಕೋಳಿಗಳನ್ನೆಲ್ಲ ಕೊಲ್ಲುವುದು ನಿಯಮ. ಆ ನಿಯಮಕ್ಕೆ ತಕರಾರಿಲ್ಲ, ಮನುಷ್ಯರ ಆರೋಗ್ಯ ಮೊದಲು. ಹಾಗಿರುವಾಗ ಒಂದು ಜಿಲ್ಲೆಯ ತಳಿಯನ್ನೆಲ್ಲ ಒಂದೇ ಬೇಲಿಯೊಳಗೆ ಇಡುವುದು ಅಪಾಯವನ್ನು ಕೈಯಾರೆ ಕರೆದಂತೆ. ಮಂಜೇಶ್ವರದಲ್ಲಿ ಹದಿನಾಲ್ಕು ಮನೆ, ಕಾರಡ್ಕದಲ್ಲಿ ಹದಿನಾಲ್ಕು ಮನೆ, ಕಾಸರಗೋಡು ಬ್ಲಾಕಿನಲ್ಲಿ ಹದಿನಾಲ್ಕು ಮನೆ ಇದ್ದರೆ, ಒಂದೆಡೆ ಹೋದರೂ ಇನ್ನೆರಡು ಕಡೆ ಉಳಿಯುತ್ತದೆ. ಈ ಗುಂಪುಗಳಿರುವ ವಾರ್ಡುಗಳಲ್ಲಿ ಹೊರ ತಳಿಯ ಗಂಡುಮರಿಗಳನ್ನು ಹಂಚುವುದಿಲ್ಲ, ಮೊಟ್ಟೆಗಾಗಿ ಕೇಳಿದವರಿಗೆ ಹೆಣ್ಣುಮರಿ ಮಾತ್ರ ಕೊಡುತ್ತೇವೆ ಎಂಬ ನಿಯಮವೊಂದನ್ನು ಜತೆಗೇ ಮಾಡಬೇಕು. ಅದಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ.

ಮಾರುಕಟ್ಟೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಊರಕೋಳಿಯ ಮೊಟ್ಟೆಗೂ ಮಾಂಸಕ್ಕೂ ಜನ ಹೆಚ್ಚು ಬೆಲೆ ಕೊಡಲು ತಯಾರಿದ್ದಾರೆ; ಕೋರಿರೊಟ್ಟಿಗೆ ಊರಿನದ್ದೇ ಆಗಬೇಕೆನ್ನುವವರು ಇನ್ನೂ ಇದ್ದಾರೆ. ಆ ಹೆಚ್ಚಿನ ಬೆಲೆ ಸಾಕುವವರಿಗೆ ತಲುಪುತ್ತಿಲ್ಲ, ಏಕೆಂದರೆ ಪಂಜರದಲ್ಲಿ ಸಾಕಿದ ಬಿವಿ-380 ಎಂಬ ಫಾರ್ಮು ತಳಿಯ ಕೋಳಿಯ ಕಂದು ಮೊಟ್ಟೆ ಅಂಗಡಿಗಳಲ್ಲಿ ಊರಿನದೆಂದು ಮಾರಾಟವಾಗುತ್ತದೆ. ಸಿಪ್ಪೆಯ ಬಣ್ಣಕ್ಕೂ ಕೋಳಿ ಬೆಳೆದ ರೀತಿಗೂ ಸಂಬಂಧವಿಲ್ಲ. ಗುಂಪಿನ ಹೆಸರಿನ ಮುದ್ರೆಯೊಂದನ್ನು ಮೊಟ್ಟೆಯ ಮೇಲೆ ಒತ್ತಲು ಅನುಮತಿಯಿದ್ದು, ಕುಟುಂಬಶ್ರೀಯ ವಾರದ ಸಂತೆಯಲ್ಲಿ ಒಂದು ಮೇಜು ಸಿಕ್ಕಿದರೆ ಸಾಕು. ಮಿಕ್ಕದ್ದನ್ನು ನಮ್ಮ ಹೆಂಗಸರು ನೋಡಿಕೊಳ್ಳುತ್ತಾರೆ.

ಕೊನೆಯದಾಗಿ ಭಾಷೆಯ ವಿಷಯ. ಸರಕಾರದೊಂದಿಗೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡಿಗರಿಗೆ ಕೊಟ್ಟಿತು. ಆ ಹಕ್ಕಿನಂತೆ ಈ ಪತ್ರವಿದೆ. ಆದರೆ ಮರಿಯ ಜತೆ ಕೊಡುವ ಲಸಿಕೆಯ ಚೀಟಿ, ಮದ್ದಿನ ಪ್ರಮಾಣ, ಅರ್ಜಿಯ ನಮೂನೆ ನಮ್ಮ ವಾರ್ಡುಗಳಿಗೆ ಬರುವುದು ಬಹುತೇಕ ಮಲಯಾಳದಲ್ಲಿ. ಕೋಳಿ ಸಾಕುವವರಲ್ಲಿ ಹೆಚ್ಚಿನವರು ಕನ್ನಡ ಶಾಲೆಯಲ್ಲಿ ನಾಲ್ಕೈದು ತರಗತಿ ಓದಿದ, ಮನೆಯಲ್ಲಿ ತುಳುವನ್ನೋ ಮರಾಟಿಯನ್ನೋ ಬ್ಯಾರಿಯನ್ನೋ ಆಡುವ ಹೆಂಗಸರು. ಎಷ್ಟು ಹನಿ, ಎಷ್ಟನೆಯ ದಿನ ಎಂಬುದನ್ನು ಮೊಮ್ಮಗ ಶಾಲೆಯಿಂದ ಬರುವವರೆಗೆ ಕಾದು ಓದಿಸಿಕೊಳ್ಳಬೇಕಾದ ಸ್ಥಿತಿಯಲ್ಲಿ ಲಸಿಕೆಯ ದಿನ ತಪ್ಪಿದರೆ ಅವರನ್ನು ದೂರುವಂತಿಲ್ಲ. ದೊಡ್ಡ ಅಕ್ಷರಗಳಲ್ಲಿ ಒಂದು ಪುಟದ ಕನ್ನಡ ಚೀಟಿ ಅಚ್ಚುಹಾಕಿಸುವುದು ಕಷ್ಟದ ಕೆಲಸವಲ್ಲ.

ಮುಂದಿನ ವಾರ್ಷಿಕ ಯೋಜನೆಯ ಕಾರ್ಯಗುಂಪು ಸೇರುವಾಗ ಊರಕೋಳಿ ಸಮೀಕ್ಷೆ ಮತ್ತು ಹುಂಜ ವಿನಿಮಯವನ್ನು ಪ್ರತ್ಯೇಕ ಯೋಜನೆಯಾಗಿ ಪಟ್ಟಿಗೆ ಸೇರಿಸಬೇಕೆಂದೂ, ಆ ಸಭೆಗೆ ಮೂರು ಬ್ಲಾಕುಗಳಿಂದ ಕೋಳಿ ಸಾಕುವ ಕನಿಷ್ಠ ಇಬ್ಬಿಬ್ಬರು ಮಹಿಳೆಯರನ್ನು ಕರೆಯಬೇಕೆಂದೂ ವಿನಂತಿಸುತ್ತೇನೆ. ಮೊದಲ ಗುಂಪಿಗೆ ಪೈವಳಿಕೆಯ ಮನೆಗಳನ್ನು ಒಟ್ಟುಗೂಡಿಸಿ, ಹುಂಜಗಳ ಮೊದಲ ಪಟ್ಟಿಯನ್ನು ಮಳೆಗಾಲ ಮುಗಿಯುವುದರೊಳಗೆ ಬರೆದುಕೊಡುವ ಕೆಲಸವನ್ನು ನಾವು ಕೆಲವರು ಸಂಬಳವಿಲ್ಲದೆ ಮಾಡಲು ಸಿದ್ಧರಿದ್ದೇವೆ. ಪಟ್ಟಿಯನ್ನು ಯಾವ ಕಚೇರಿಗೆ, ಯಾರ ಹೆಸರಿಗೆ ಕೊಡಬೇಕು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಊರಕೋಳಿ ಸಾಕುವ ಒಬ್ಬ ಕೃಷಿಕ
ಪೈವಳಿಕೆ, ಮಂಜೇಶ್ವರ ತಾಲೂಕು